ಮಾಂಟೆಗೊ ಬೇ, 2003: ಆತಿಥ್ಯದ ಮತ ಮತ್ತು ಲಕ್ಷ ಡಾಲರ್

2003ರ ನವೆಂಬರಿನಲ್ಲಿ ಜಮೈಕಾದ ಮಾಂಟೆಗೊ ಬೇಯಲ್ಲಿ ಸೇರಿದ್ದ ಕಾಮನ್‌ವೆಲ್ತ್ ಕ್ರೀಡಾ ಒಕ್ಕೂಟದ ಸಭೆಯಲ್ಲಿ ದೆಹಲಿ, ಕೆನಡಾದ ಹ್ಯಾಮಿಲ್ಟನ್ ನಗರವನ್ನು 46–22 ಮತಗಳಿಂದ ಸೋಲಿಸಿ 2010ರ ಕೂಟದ ಆತಿಥ್ಯ ಪಡೆಯಿತು. ಒಕ್ಕೂಟದ 72 ಕ್ರೀಡಾ ಸಂಘಗಳಿಗೆ ತರಬೇತಿಗೆಂದು ತಲಾ 1 ಲಕ್ಷ ಡಾಲರ್ ಕೊಡುವುದಾಗಿ ದೆಹಲಿ ಮಾತು ಕೊಟ್ಟಿತ್ತು. ಒಟ್ಟು 72 ಲಕ್ಷ ಡಾಲರ್. 2010ರ ಹಗರಣಗಳ ಬಗ್ಗೆ ರಾಶಿಗಟ್ಟಲೆ ಬರೆದಾಗಿದೆ. ಈ ಮೊದಲ ಹೆಜ್ಜೆಯನ್ನು ಮಾತ್ರ ನಾವು ಗೆಲುವಿನ ಸಂಭ್ರಮದಲ್ಲಿ ದಾಟಿ ಬಂದೆವು.

ಇದು ಲಂಚವೇ? ಆ ಪದ ಇಲ್ಲಿಗೆ ಹೊಂದದು. ಸಾಲ್ಟ್ ಲೇಕ್ ಸಿಟಿ 2002ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ನಡೆಸಿದ್ದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರ ಮಕ್ಕಳಿಗೆ ವಿದ್ಯಾರ್ಥಿವೇತನ, ಬಂಧುಗಳಿಗೆ ಕೆಲಸ, ಚಿಕಿತ್ಸೆಯ ವೆಚ್ಚ, ಎಲ್ಲವೂ ಗುಟ್ಟಾಗಿ ಸಂದವು. 1998ರ ಕೊನೆಯಲ್ಲಿ ವಿಷಯ ಹೊರಬಿದ್ದು ಹತ್ತು ಸದಸ್ಯರು ಸ್ಥಾನ ಕಳೆದುಕೊಂಡರು. ಸ್ಪರ್ಧಿ ನಗರಗಳಿಗೆ ಸದಸ್ಯರು ಭೇಟಿ ಕೊಡುವುದನ್ನೇ ಸಮಿತಿ 1999ರಲ್ಲಿ ನಿಷೇಧಿಸಿತು. ಆದರೂ ಬಿಡ್ ನಡೆಸಿದ್ದ ಇಬ್ಬರು ಮುಖ್ಯಸ್ಥರನ್ನು ಅಮೆರಿಕದ ನ್ಯಾಯಾಧೀಶರು ಖುಲಾಸೆ ಮಾಡಿದರು. ಅದು ನಡೆದದ್ದು 2003ರ ಡಿಸೆಂಬರಿನಲ್ಲಿ, ಮಾಂಟೆಗೊ ಬೇಯ ಮತದಾನವಾಗಿ ತಿಂಗಳು ಕಳೆಯುವ ಮುನ್ನ. ಕಾನೂನು ಸುಮ್ಮನಿದ್ದಲ್ಲೂ ಕ್ರೀಡಾಸಂಸ್ಥೆ ತನ್ನದೇ ಗೆರೆ ಎಳೆದುಕೊಳ್ಳಬೇಕಾಯಿತು ಎಂಬುದು ನನಗೆ ಮುಖ್ಯ.

ದೆಹಲಿಯ ಕೊಡುಗೆ ಬಹಿರಂಗವಾಗಿತ್ತು, ವ್ಯಕ್ತಿಗಳಿಗಲ್ಲದೆ ಸಂಘಗಳಿಗಿತ್ತು, ಎಲ್ಲರಿಗೂ ಸಮನಾಗಿತ್ತು. ಈ ಮೂರನ್ನೂ ಒಪ್ಪುತ್ತೇನೆ. ಆದರೆ ಹಣ ಪಡೆಯುವವರೂ ಮತ ಹಾಕುವವರೂ ಒಬ್ಬರೇ. ಒಂದೇ ಮೊತ್ತ ಎಲ್ಲರಿಗೂ ಒಂದೇ ತೂಕದ್ದೂ ಅಲ್ಲ: ಸುಮಾರು ಹತ್ತು ಸಾವಿರ ಜನರ ನೌರುವಿನ ಸಂಘಕ್ಕೆ ಲಕ್ಷ ಡಾಲರ್ ದೊಡ್ಡ ಗಂಟು, ಇಂಗ್ಲೆಂಡಿಗೆ ಅದು ಲೆಕ್ಕಕ್ಕಿಲ್ಲ. ಅದೇ ಹಣವನ್ನು, ಯಾರು ಗೆದ್ದರೂ ಕೊಡಲೇಬೇಕಾದ ನಿಧಿಯೆಂದು ಒಕ್ಕೂಟವೇ ಮೊದಲು ಗೊತ್ತುಮಾಡಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ದೆಹಲಿಗೆ ಹೇಳಿಕೊಳ್ಳಲು ನ್ಯಾಯವಾದ ಮಾತೂ ಇತ್ತು, ಅದೇ ನನ್ನ ಸಂಕಟ. ಹ್ಯಾಮಿಲ್ಟನ್ 1930ರಲ್ಲೇ ಮೊದಲ ಕೂಟ ನಡೆಸಿದ ಊರು. ಏಷ್ಯಾಕ್ಕೆ ಅಲ್ಲಿಯವರೆಗೆ ಸಿಕ್ಕಿದ್ದು 1998ರ ಕ್ವಾಲಾಲಂಪುರ ಒಂದೇ, ಭಾರತಕ್ಕೆ ಒಮ್ಮೆಯೂ ಇಲ್ಲ. ರಾಜತಾಂತ್ರಿಕವಾಗಿ ಊರೂರು ಸುತ್ತಿ ಮಂಡಿಸಲು ಇದಕ್ಕಿಂತ ಗಟ್ಟಿಯಾದ ವಾದ ಬೇಕಿರಲಿಲ್ಲ. ಆ 46 ಮತಗಳಲ್ಲಿ ಎಷ್ಟು ಈ ವಾದಕ್ಕೆ ಒಲಿದವು, ಎಷ್ಟು ಡಾಲರಿಗೆ ಎಂದು ಬಿಡಿಸಿ ಹೇಳಲು ದಾರಿಯೇ ಇಲ್ಲದಂತೆ ಮಾಡಿದ್ದು ಆ ಕೊಡುಗೆ.