ಕಾನೂನು ಮೊದಲೇ ಇತ್ತು, ತೀರ್ಪು ಕೊಡೋರು ಬದಲಾದರು

ಡಿಬೇಟ್‌ಗಳಲ್ಲಿ ನನಗೆ ಪದೇ ಪದೇ ಕೇಳಿಸುವ ಮಾತು, ಸುಧಾರಣೆ ಆಗಬೇಕಂದ್ರೆ ಗಟ್ಟಿ ನಾಯಕ ಬೇಕು ಅನ್ನೋದು. ಉದಾಹರಣೆಗೆ ದೇವರಾಜ ಅರಸರ ಹೆಸರು ಬರುತ್ತೆ. ಅರಸರು ಗಟ್ಟಿಗರೇ, ಅನುಮಾನ ಬೇಡ. ಆದರೆ ಕರ್ನಾಟಕದ ಭೂಸುಧಾರಣೆ ಬರೀ ಗಟ್ಟಿತನದಿಂದ ಆಗಿದ್ದಲ್ಲ.

ಉಳುವವನೇ ಹೊಲದೊಡೆಯ ಅನ್ನೋ ವಿಚಾರ ಅರಸರ ಸರ್ಕಾರಕ್ಕಿಂತ ಹಳೆಯದು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಸಮಾಜವಾದಿಗಳು ಜೊತೆಗೆ ನಿಂತರು, ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. 1961ರಲ್ಲಿ ಭೂಸುಧಾರಣಾ ಕಾಯ್ದೆಯೂ ಬಂತು. ಜಾರಿಯಾಗೋಕೆ ಮಾತ್ರ 1965ರ ಅಕ್ಟೋಬರ್ 2ರವರೆಗೆ ಕಾಯಬೇಕಾಯ್ತು. ಅದರಲ್ಲಿ ಗೇಣಿದಾರನಿಗೆ ರಕ್ಷಣೆ ಇತ್ತು. ಜೊತೆಗೆ "ನಾನೇ ಸಾಗುವಳಿ ಮಾಡ್ತೀನಿ" ಅಂತ ಹೇಳಿ ಒಡೆಯ ಜಮೀನು ವಾಪಸ್ ಪಡೆಯೋ ದಾರಿಯೂ ಇತ್ತು! ವಿಧಾನಸಭೆಯಲ್ಲಿ ಕೂತವರಲ್ಲಿ ಜಮೀನುದಾರರೇ ಹೆಚ್ಚಿದ್ದಾಗ ಬೇರೇನು ಬರುತ್ತೆ ಹೇಳಿ?

1972ರ ಚುನಾವಣೆ ಈ ಲೆಕ್ಕವನ್ನು ಕದಲಿಸಿತು. ಅರಸರು ರಾಜ್ಯದ ಎರಡು ಪ್ರಬಲ ಸಮುದಾಯಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರೇ ಅವರ ಬಲ. ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯ್ತು. ಅವತ್ತಿಗೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ ವಶ. ಸೈನಿಕರು, ನಾವಿಕರಿಗಷ್ಟೇ ವಿನಾಯಿತಿ.

ಇಷ್ಟೇ ಆಗಿದ್ದರೆ ಅದೂ ಕಡತದಲ್ಲೇ ಉಳೀತಿತ್ತೇನೋ. ನಾನು ಓದಿದ್ದು ಇಂಜಿನಿಯರಿಂಗ್. ಡಿಸೈನ್ ಎಷ್ಟೇ ಚೆನ್ನಾಗಿರಲಿ, ಮೆಷಿನ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಮೊದಲು ನೋಡೋದು ಅಭ್ಯಾಸ. ಹಳೇ ವ್ಯವಸ್ಥೆ ಸಿಕ್ಕಿಹಾಕಿಕೊಂಡಿದ್ದು ಕಾಗದದಲ್ಲಿ. ಕರಾವಳಿಯಲ್ಲಿ, ಮಲೆನಾಡಲ್ಲಿ ಗೇಣಿ ನಡೀತಿದ್ದದ್ದು ಹೆಚ್ಚಾಗಿ ಬಾಯಿಮಾತಲ್ಲಿ. ಮೂಲಗೇಣಿಯವನಿಗೆ ಒಂದು ಚೀಟಿಯಾದರೂ ಇರಬಹುದು, ಚಾಲಗೇಣಿಯವನ ಹತ್ತಿರ ಏನಿರುತ್ತೆ? ಅಕ್ಕಿಮುಡಿ ಹೊತ್ತು ಧಣಿಯ ಮನೆಗೆ ಹಾಕಿದವನಿಗೆ ರಸೀದಿ ಯಾರು ಕೊಟ್ಟರು? ಅವನು ವಕೀಲನಿಲ್ಲದೆ ಕೋರ್ಟಿಗೆ ಹೋದರೆ ಸೋಲು ಖಾತ್ರಿ.

ಅದಕ್ಕೇ ತಾಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳು ಬಂದವು. ಅಧ್ಯಕ್ಷರು ಎಸಿ ಸಾಹೇಬರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಪ್ರವೇಶವಿಲ್ಲ. ಸಿವಿಲ್ ಕೋರ್ಟಿಗೆ ಮೇಲ್ಮನವಿ ಇಲ್ಲ, ಹೈಕೋರ್ಟಿನ ರಿಟ್ ಒಂದೇ ದಾರಿ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಕರಾವಳಿಯ ಹಿರಿಯರು ಅದನ್ನು ಇವತ್ತಿಗೂ "ಡಿಕ್ಲರೇಷನ್ ಕೊಟ್ಟದ್ದು" ಅಂತಲೇ ಹೇಳ್ತಾರೆ. ಆ ಗದ್ದೆ ಉಳುತ್ತಿದ್ದದ್ದು ಯಾರು ಅಂತ ಅಕ್ಕಪಕ್ಕದವರು ಬಂದು ಹೇಳಿದರೆ ಅದಕ್ಕೂ ಬೆಲೆ ಇತ್ತು. ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಬಂದ ಅರ್ಜಿಗಳು ಸುಮಾರು 8 ಲಕ್ಷ, ಹಕ್ಕು ಸಿಕ್ಕಿದ್ದು ಐದು ಲಕ್ಷದ ಹತ್ತಿರ ಗೇಣಿದಾರರಿಗೆ.

ಎಲ್ಲವೂ ನ್ಯಾಯವಾಗಿತ್ತಾ? ಇಲ್ಲ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಜಮೀನು ಕಳಕೊಂಡರು. ಸದಸ್ಯರನ್ನು ನೇಮಿಸೋದು ಸರ್ಕಾರವೇ ಆದ್ದರಿಂದ ಆಳುವ ಪಕ್ಷದವರಿಗೇ ಅವಕಾಶ ಅನ್ನೋ ದೂರೂ ಇತ್ತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡ್ತಿದ್ದವರಿಗೆ, ಅಂದರೆ ಬಹುಪಾಲು ದಲಿತರಿಗೆ, ದಕ್ಕಿದ್ದು ತೀರಾ ಕಡಿಮೆ. ನನ್ನ ಪ್ರಕಾರ ಈ ಸುಧಾರಣೆಯ ದೊಡ್ಡ ಕೊರತೆ ಇದೇ. ವಕೀಲರನ್ನು ಹೊರಗಿಟ್ಟ ನಿಯಮವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ಒಪ್ಪಲಿಲ್ಲ. ಅಷ್ಟರಲ್ಲಿ ಹೆಚ್ಚಿನ ತೀರ್ಪು ಆಗಿಹೋಗಿತ್ತು.

ಅದೇ ಕಾಯ್ದೆಯ 79ಎ, 79ಬಿ ಕಲಂಗಳು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದವು. 2020ರ ಜುಲೈನಲ್ಲಿ, ಕೊರೋನಾ ಮಧ್ಯೆ, ಅವನ್ನು ತೆಗೆದದ್ದು ಸುಗ್ರೀವಾಜ್ಞೆಯಿಂದ. ಸದನಗಳ ಒಪ್ಪಿಗೆ ಪೂರ್ತಿಯಾಗಿದ್ದು ಡಿಸೆಂಬರ್‌ನಲ್ಲಿ. ಆ ಕಲಂಗಳ ಹೆಸರಲ್ಲಿ ನಡೆಯುವ ವಿಚಾರಣೆ ಲಂಚಕ್ಕೆ ದಾರಿಯಾಗಿದೆ ಅನ್ನೋದು ಸರ್ಕಾರದ ವಾದವಾಗಿತ್ತು. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ವಿಚಾರಣೆಯನ್ನು ಸರಿಪಡಿಸೋ ಬದಲು ತೆಗೆದೇ ಹಾಕಿದರು. ಕೃಷಿಕನಲ್ಲದವನು ಈ ಹೊಲ ಕೊಳ್ಳಬಹುದಾ ಅನ್ನೋ ಪ್ರಶ್ನೆ ಈಗ ಎಸಿ ಮುಂದೆ ಬರೋದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದರೆ ಕೆಲಸ ಮುಗೀತು.