ಚೈಲ್ಡ್ ಥೀಮ್ (ವರ್ಡ್‌ಪ್ರೆಸ್)

ಚೈಲ್ಡ್ ಥೀಮ್ ಎಂಬುದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಇನ್ನೊಂದು ಥೀಮಿನ ರೂಪ ಹಾಗೂ ಕಾರ್ಯಗಳನ್ನು ಆಧಾರವಾಗಿ ಪಡೆದು, ಜಾಲತಾಣಕ್ಕೆ ಬೇಕಾದ ಬದಲಾವಣೆಗಳನ್ನು ಮಾತ್ರ ತನ್ನಲ್ಲಿ ಇರಿಸಿಕೊಳ್ಳುವ ಥೀಮ್. ಆಧಾರವಾಗಿರುವ ಥೀಮನ್ನು ಪೇರೆಂಟ್ ಥೀಮ್ ಅಥವಾ ಮೂಲ ಥೀಮ್ ಎನ್ನುತ್ತಾರೆ. ಬಣ್ಣ, ಅಕ್ಷರಶೈಲಿ, ಅಂತರ, ಪುಟವಿನ್ಯಾಸ ಮೊದಲಾದವುಗಳನ್ನು ಮೂಲ ಥೀಮಿನ ಕಡತಗಳನ್ನು ಮುಟ್ಟದೆ ಬದಲಿಸಲು ಇದನ್ನು ಬಳಸಲಾಗುತ್ತದೆ.

ಹಿನ್ನೆಲೆ

2003ರಲ್ಲಿ ಮೊದಲು ಬಿಡುಗಡೆಯಾದ ವರ್ಡ್‌ಪ್ರೆಸ್‌ಗೆ ಥೀಮ್ ವ್ಯವಸ್ಥೆ ಸೇರಿದ್ದು 2005ರ 1.5ನೆಯ ಆವೃತ್ತಿಯಲ್ಲಿ. ಥೀಮಿನ ಕಡತಗಳನ್ನು ನೇರವಾಗಿ ತಿದ್ದುವುದು ಸುಲಭವಾದರೂ, ಅದೇ ಥೀಮಿನ ಹೊಸ ಆವೃತ್ತಿಯನ್ನು ಅಳವಡಿಸಿದಾಗ ಹಳೆಯ ಕಡತಕೋಶದ ಜಾಗಕ್ಕೆ ಹೊಸದು ಬಂದು ಮಾಡಿದ ತಿದ್ದುಪಡಿಗಳೆಲ್ಲ ಅಳಿದುಹೋಗುತ್ತವೆ. ಈ ನಷ್ಟಕ್ಕೆ ಹೆದರಿ ಪರಿಷ್ಕರಣೆಯನ್ನೇ ನಿಲ್ಲಿಸಿದರೆ ಭದ್ರತಾ ದೋಷಗಳು ಸರಿಯಾಗದೆ ಉಳಿಯುತ್ತವೆ; ಇದು ಮೊದಲಿನದಕ್ಕಿಂತ ದೊಡ್ಡ ಅಪಾಯ. ತಿದ್ದುಪಡಿಯನ್ನು ಬೇರೆ ಕೋಶದಲ್ಲಿರಿಸುವ ಚೈಲ್ಡ್ ಥೀಮ್ ಈ ಇಕ್ಕಟ್ಟನ್ನು ಬಹುಮಟ್ಟಿಗೆ ಪರಿಹರಿಸುತ್ತದೆ. 2008ರ 2.7ನೆಯ ಆವೃತ್ತಿಯಿಂದ ಶೈಲಿಯನ್ನಷ್ಟೇ ಅಲ್ಲದೆ ಮೂಲ ಥೀಮಿನ ಟೆಂಪ್ಲೇಟ್ ಕಡತಗಳನ್ನೂ ಹೀಗೆ ಬದಲಿಸಬಹುದಾಯಿತು.

ರಚನೆ

ಮೂಲ ಥೀಮ್ ಇರುವ 'ಥೀಮ್ಸ್' ಕೋಶದಲ್ಲಿಯೇ ಚೈಲ್ಡ್ ಥೀಮಿಗೂ ಪ್ರತ್ಯೇಕ ಕೋಶವಿರುತ್ತದೆ. ಅದರಲ್ಲಿ 'ಸ್ಟೈಲ್.ಸಿಎಸ್‌ಎಸ್' ಎಂಬ ಕಡತ ಇರಲೇಬೇಕು. ಈ ಕಡತದ ತಲೆಭಾಗದ ಟಿಪ್ಪಣಿಯಲ್ಲಿ ಥೀಮಿನ ಹೆಸರನ್ನೂ 'ಟೆಂಪ್ಲೇಟ್' ಎಂಬ ಸಾಲಿನಲ್ಲಿ ಮೂಲ ಥೀಮನ್ನೂ ಸೂಚಿಸಬೇಕು. ಅಲ್ಲಿ ಬರೆಯಬೇಕಾದದ್ದು ಮೂಲ ಥೀಮಿನ ಕೋಶದ ಹೆಸರೇ ಹೊರತು ಪರದೆಯಲ್ಲಿ ಕಾಣುವ ಹೆಸರಲ್ಲ. ಉದಾಹರಣೆಗೆ, 'ಟ್ವೆಂಟಿ ಟ್ವೆಂಟಿ-ಒನ್' ಥೀಮಿನ ಕೋಶದ ಹೆಸರಿನಲ್ಲಿ ತೆರಪಾಗಲಿ ಅಡ್ಡಗೆರೆಯಾಗಲಿ ಇಲ್ಲ. ಎಲ್ಲವೂ ಸಣ್ಣ ಅಕ್ಷರಗಳಲ್ಲಿ ಕೂಡಿಕೊಂಡಿದೆ. ಇಲ್ಲಿ ತಪ್ಪಿದರೆ ಮೂಲ ಥೀಮ್ ಇಲ್ಲವೆಂಬ ದೋಷಸೂಚನೆ ಬರುತ್ತದೆ.

ಶೈಲಿ ನಿಯಮಗಳ ಆದ್ಯತೆ

ಸಿಎಸ್‌ಎಸ್ ಭಾಷೆಯಲ್ಲಿ ಒಂದೇ ಅಂಶಕ್ಕೆ ಸಮಾನ ತೂಕದ ಎರಡು ನಿಯಮಗಳಿದ್ದರೆ ಕೊನೆಯದು ಗೆಲ್ಲುತ್ತದೆ. ಆದ್ದರಿಂದ ಚೈಲ್ಡ್ ಥೀಮಿನ ಶೈಲಿಕಡತವು ಮೂಲ ಥೀಮಿನ ಶೈಲಿಕಡತದ ನಂತರ ಪುಟಕ್ಕೆ ಸೇರಬೇಕು. ಹಿಂದೆ ಇದಕ್ಕಾಗಿ 'ಇಂಪೋರ್ಟ್' ಆದೇಶವನ್ನು ಬಳಸುತ್ತಿದ್ದರು. ಒಂದು ಕಡತ ಬಂದ ಮೇಲಷ್ಟೇ ಇನ್ನೊಂದನ್ನು ತರಿಸುವ ಆ ಕ್ರಮ ಪುಟವನ್ನು ನಿಧಾನಗೊಳಿಸುವುದರಿಂದ ಈಗ ಅದನ್ನು ಶಿಫಾರಸು ಮಾಡುವುದಿಲ್ಲ. ಬದಲಿಗೆ 'ಫಂಕ್ಷನ್ಸ್.ಪಿಎಚ್‌ಪಿ' ಕಡತದ ಮೂಲಕ ಎರಡನ್ನೂ ಸರದಿಯಲ್ಲಿ ಸೇರಿಸಲಾಗುತ್ತದೆ. ಕೆಲವು ಮೂಲ ಥೀಮುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಅಂಥಲ್ಲಿ ಮತ್ತೆ ಸೇರಿಸಿದರೆ ಒಂದೇ ಕಡತ ಎರಡು ಬಾರಿ ಬರಬಹುದು.

ಸರದಿ ಸರಿಯಿದ್ದರೂ ನಿಯಮ ಅನ್ವಯವಾಗದಿದ್ದರೆ ಮೂಲ ನಿಯಮದ ತೂಕ ಹೆಚ್ಚಿದೆ ಎಂದೇ ಸಾಮಾನ್ಯವಾಗಿ ಅರ್ಥ. ಐಡಿಯನ್ನು ಆಧರಿಸಿದ ನಿಯಮವು ಕ್ಲಾಸನ್ನು ಆಧರಿಸಿದ ನಿಯಮವನ್ನೂ, ಅದು ಬರಿಯ ಟ್ಯಾಗಿನ ನಿಯಮವನ್ನೂ ಮೀರುತ್ತದೆ. 'ಇಂಪಾರ್ಟೆಂಟ್' ಎಂಬ ಗುರುತು ಹಚ್ಚಿ ಗೆಲ್ಲುವುದು ಸುಲಭವಾದರೂ, ಮುಂದೆ ಅದೇ ನಿಯಮವನ್ನು ಬದಲಿಸುವುದು ಕಷ್ಟವಾಗುತ್ತದೆ.

ಲ್ಯಾಟಿನ್ ಲಿಪಿಯನ್ನು ಗಮನದಲ್ಲಿಟ್ಟು ರೂಪಿಸಿದ ಥೀಮುಗಳನ್ನು ಕನ್ನಡ ಜಾಲತಾಣಗಳಿಗೆ ಹೊಂದಿಸುವಲ್ಲಿ ಇಂಥ ಕೆಲವೇ ನಿಯಮಗಳು ಸಾಕಾಗುತ್ತವೆ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸುವುದು, ನೋಟೊ ಸ್ಯಾನ್ಸ್ ಕನ್ನಡದಂತಹ ಅಕ್ಷರಶೈಲಿಯನ್ನು ಸೂಚಿಸುವುದು ಇವುಗಳಲ್ಲಿ ಮುಖ್ಯ.

ಇತರ ಕಡತಗಳು

'ಸಿಂಗಲ್.ಪಿಎಚ್‌ಪಿ'ಯಂತಹ ಟೆಂಪ್ಲೇಟ್ ಕಡತ ಚೈಲ್ಡ್ ಥೀಮಿನಲ್ಲಿ ಇದ್ದರೆ ಮೂಲ ಥೀಮಿನ ಅದೇ ಹೆಸರಿನ ಕಡತದ ಬದಲು ಅದೇ ಬಳಕೆಯಾಗುತ್ತದೆ. 'ಫಂಕ್ಷನ್ಸ್.ಪಿಎಚ್‌ಪಿ' ಇದಕ್ಕೆ ಅಪವಾದ: ಎರಡೂ ಥೀಮುಗಳ ಕಡತಗಳು ಓಡುತ್ತವೆ, ಚೈಲ್ಡ್ ಥೀಮಿನದು ಮೊದಲು. ಹೀಗಾಗಿ ಮೂಲ ಕಡತವನ್ನು ಇಡಿಯಾಗಿ ನಕಲಿಸಿದರೆ ಒಂದೇ ಹೆಸರಿನ ಫಂಕ್ಷನ್ ಎರಡು ಬಾರಿ ಘೋಷಣೆಯಾಗಿ ಜಾಲತಾಣವೇ ನಿಂತುಹೋಗಬಹುದು.

ನಕಲಿಸಿದ ಟೆಂಪ್ಲೇಟ್ ಕಡತಗಳಿಗೆ ಇನ್ನೊಂದು ಮಿತಿಯಿದೆ. ಮೂಲ ಥೀಮಿನಲ್ಲಿ ಮುಂದೆ ಆಗುವ ಸುಧಾರಣೆಗಳು, ಭದ್ರತಾ ತಿದ್ದುಪಡಿಗಳೂ ಸೇರಿ, ಈ ನಕಲನ್ನು ತಲುಪುವುದಿಲ್ಲ. ಸಿಎಸ್‌ಎಸ್‌ನಿಂದ ಸಾಧ್ಯವಾಗುವ ಬದಲಾವಣೆಗೆ ಟೆಂಪ್ಲೇಟನ್ನು ನಕಲಿಸದಿರುವುದು ಒಳಿತು.

ಪರ್ಯಾಯಗಳು

2016ರ 4.7ನೆಯ ಆವೃತ್ತಿಯಿಂದ ಹೆಚ್ಚುವರಿ ಸಿಎಸ್‌ಎಸ್ ಅನ್ನು ಕಸ್ಟಮೈಜರ್‌ನಲ್ಲಿಯೇ ಬರೆಯಬಹುದು. ಇದು ದತ್ತಸಂಚಯದಲ್ಲಿ ಉಳಿಯುವುದರಿಂದ ಥೀಮ್ ಪರಿಷ್ಕರಣೆಯಲ್ಲಿ ಅಳಿಯುವುದಿಲ್ಲ. ಆದರೆ ಥೀಮ್ ಬದಲಿಸಿದರೆ ಅನ್ವಯವಾಗುವುದಿಲ್ಲ. ಹತ್ತಾರು ಸಾಲುಗಳಿಗೆ ಇದೇ ಸಾಕು. 2022ರ 5.9ನೆಯ ಆವೃತ್ತಿಯೊಂದಿಗೆ ಬಂದ ಸೈಟ್ ಎಡಿಟರ್‌ನಲ್ಲಿ, ಬ್ಲಾಕ್ ಥೀಮುಗಳ ಬಣ್ಣ ಮತ್ತು ಅಕ್ಷರಶೈಲಿಗಳನ್ನು ಸಂಕೇತ ಬರೆಯದೆಯೇ ಬದಲಿಸಬಹುದು. ಅಂಥ ಥೀಮುಗಳಿಗೂ ಚೈಲ್ಡ್ ಥೀಮ್ ರಚಿಸಬಹುದಾಗಿದ್ದು, ಅಲ್ಲಿ 'ಥೀಮ್.ಜೇಸನ್' ಕಡತದ ಮೌಲ್ಯಗಳು ಮೂಲ ಥೀಮಿನ ಮೌಲ್ಯಗಳೊಂದಿಗೆ ಬೆರೆಯುತ್ತವೆ.