ಚಪ್ಪಟೆ ಮುಖದ ಹಿಂದೆ: ಬೆಂಗಳೂರಿನ ಫ್ಯೂಸ್ ಪ್ಯಾನೆಲ್ಲಿನ ಚರಿತ್ರೆ

ಬೆಂಗಳೂರಿನ ವಿದ್ಯುತ್ತಿನ ಚರಿತ್ರೆ ಸಾಮಾನ್ಯವಾಗಿ ಶಿವನಸಮುದ್ರದಿಂದ ಹೊರಟು ಬೀದಿದೀಪದ ಕೆಳಗೆ ನಿಂತುಬಿಡುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು 1905ರಲ್ಲಿ ನಗರಕ್ಕೆ ಬಂತು ಎಂಬಲ್ಲಿಗೆ ಕತೆ ಮುಗಿಯಿತು. ಆ ಕರೆಂಟನ್ನು ಅಂಕೆಯಲ್ಲಿಟ್ಟ ಫ್ಯೂಸ್ ಬೋರ್ಡಿನ ಕಡೆ ಗಮನ ಹರಿದದ್ದು ಕಡಿಮೆ. ಬೋರ್ಡಿನ ಮುಖ ಚಪ್ಪಟೆಯಾದದ್ದು ಅಂದಕ್ಕಲ್ಲ, ಕೈಗೆ ತಾಗುವ ಲೋಹವನ್ನು ಹಿಂದಕ್ಕೆ ಸರಿಸಲಿಕ್ಕೆ ಎಂಬುದು ನನ್ನ ವಾದ.

ಮೊದಲಿಗೆ ಬೋರ್ಡೆಂದರೆ ಹಲಗೆಯೇ. ಮನೆಗಳಲ್ಲಿ ತೇಗ, ವಿದ್ಯುದಾಗಾರಗಳಲ್ಲಿ ಸ್ಲೇಟು ಅಥವಾ ಅಮೃತಶಿಲೆ. ಅದರ ಮೇಲೆ ಪಿಂಗಾಣಿಯ ಫ್ಯೂಸು ಕೂತಿತು; ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅದು ಇಂದಿಗೂ 'ಕಿಟ್‌ಕ್ಯಾಟ್'. ಬಿಡಿಭಾಗದಂಗಡಿಯಲ್ಲಿ ಈ ಹೆಸರು ಹೇಳಿದರೆ ಯಾರೂ ಚಾಕೊಲೇಟು ತೆಗೆಯುವುದಿಲ್ಲ. ಭಾರತೀಯ ಮಾನಕ ಐಎಸ್ 2086 ಇದಕ್ಕೆ ನಿಯಮ ವಿಧಿಸಿದರೂ ಹೋದ ಫ್ಯೂಸಿಗೆ ದಪ್ಪ ತಂತಿ ಸುತ್ತುವ ಕೈಯನ್ನು ಯಾವ ಮಾನಕವೂ ಹಿಡಿಯಲಾರದು. ಮರಳು ತುಂಬಿ ಮುಚ್ಚಿದ ಎಚ್‌ಆರ್‌ಸಿ (ಹೈ ರಪ್ಚರಿಂಗ್ ಕೆಪಾಸಿಟಿ) ಫ್ಯೂಸು ಆ ಚಟಕ್ಕೇ ಅವಕಾಶ ಕೊಡಲಿಲ್ಲ. ಒಳಗಿನ ಎಳೆ ಕರಗಿದಾಗ ಹುಟ್ಟುವ ಕಿಡಿಯನ್ನು ಮರಳೇ ನುಂಗಿ ಗಾಜಿನಂತೆ ಗಟ್ಟಿಯಾಗುತ್ತದೆ.

ಜರ್ಮನಿಯ ಎಇಜಿಯ ಸಹಯೋಗದಲ್ಲಿ ಹುಟ್ಟಿದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಈ ಊರಿಗೆ ಸ್ವಿಚ್‌ಗೇರಿನ ಶಿಸ್ತು ಕಲಿಸಿತು. 1960ರಲ್ಲಿ ಬಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಆ ಶಿಸ್ತನ್ನು ಪರೀಕ್ಷೆಗೆ ಒಡ್ಡಿತು. ಎಪ್ಪತ್ತರ ದಶಕದ ಕೊನೆಗೆ ಬೆಳೆದ ಪೀಣ್ಯದಲ್ಲಿ ಪ್ಯಾನೆಲ್ ಕೆಲಸ ಸಣ್ಣ ಶೆಡ್ಡುಗಳಿಗೆ ಇಳಿಯಿತು. ದೊಡ್ಡ ಕಂಪನಿಗಳಷ್ಟೇ ಈ ಶೆಡ್ಡುಗಳೂ ಚರಿತ್ರೆಗೆ ಮುಖ್ಯ.

ಶೆಡ್ಡಿನ ಕೆಲಸ ಹೊರಗಿನವರಿಗೆ ತಗಡಿನ ಪೆಟ್ಟಿಗೆಯಂತೆ ಕಾಣುತ್ತದೆ. 1.6 ಅಥವಾ 2 ಮಿ.ಮೀ. ಉಕ್ಕಿನ ಷೀಟನ್ನು ಕತ್ತರಿಸಿ, ತೂತು ಹೊಡೆದು, ಬಗ್ಗಿಸಿ, ಏಳು ತೊಟ್ಟಿಗಳಲ್ಲಿ ತೊಳೆದು ಪೌಡರ್ ಕೋಟಿಂಗ್ ಮಾಡುತ್ತಾರೆ. ಒಳಗೆ ಕರೆಂಟು ಹಂಚುವ ಲೋಹದ ಪಟ್ಟಿಗೆ, ಅಂದರೆ ಬಸ್‌ಬಾರಿಗೆ, ಕೆಂಪು, ಹಳದಿ, ನೀಲಿ ತೋಳು ತೊಡಿಸುತ್ತಾರೆ. ಕಷ್ಟವಿರುವುದು ಅದರಾಚೆ. ಫ್ಯೂಸು ಸ್ವತಃ ಬಿಸಿಯಾಗುವ ವಸ್ತು. ಪ್ಯಾನೆಲ್ಲಿನ ಆಳ ಕಡಿಮೆ ಮಾಡಿದಷ್ಟೂ ಶಾಖ ಹೊರಹೋಗುವ ದಾರಿ ಕಿರಿದಾಗುತ್ತದೆ. ಶಾರ್ಟ್ ಆದಾಗ ಬಸ್‌ಬಾರುಗಳ ನಡುವಿನ ಬಲ ಕರೆಂಟಿನ ವರ್ಗದಂತೆ ಏರುತ್ತದೆ: ಕರೆಂಟು ಹತ್ತು ಪಟ್ಟಾದರೆ ಬಲ ನೂರು ಪಟ್ಟು. ಆಧಾರದ ತುಂಡೊಂದು ಸಡಿಲಿದ್ದರೆ ತಾಮ್ರದ ಪಟ್ಟಿಯೇ ಬಾಗುತ್ತದೆ. ತೆಳ್ಳಗಿನ ಪ್ಯಾನೆಲ್ ಮಾಡುವವನ ಜಾಣತನ ತೆಳುವಿನಲ್ಲಿಲ್ಲ, ಈ ಶಾಖ ಮತ್ತು ಬಲ ಎರಡನ್ನೂ ತಾಳಿಕೊಳ್ಳುವಂತೆ ಮಾಡುವುದರಲ್ಲಿದೆ.

ಫುಟ್‌ಪಾತಿನಲ್ಲಿ ನಿಂತು ಕರೆಂಟು ಹಂಚುವ ಪೆಟ್ಟಿಗೆಗಳಾದ ಫೀಡರ್ ಪಿಲ್ಲರ್‌ಗಳಿಗೆ ಹೊಂದುವ ಪಟ್ಟಿ ರೂಪದ ಫ್ಯೂಸ್ ಘಟಕವನ್ನು ಲೋಹವನ್ನು ಹಿಂದಕ್ಕೆ ಸರಿಸುವ ಈ ಹಾದಿಯ ಕೊನೆಯ ಮೆಟ್ಟಿಲು ಎನ್ನಬಹುದು. 185 ಮಿ.ಮೀ. ಅಂತರದ ಬಸ್‌ಬಾರುಗಳ ಮೇಲೆ ಮೂರು ಫೇಸಿನ ಫ್ಯೂಸುಗಳು ಒಂದರ ಕೆಳಗೊಂದು ನಿಲ್ಲುತ್ತವೆ. ದೊಡ್ಡ ಗಾತ್ರದ ಘಟಕದ ಅಗಲವೂ 100 ಮಿ.ಮೀ. ಮಾತ್ರ.

ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಪೀಣ್ಯದ ಹಳೆಯ ಶೆಡ್ಡುಗಳೂ ಕೈ ಬದಲಾಯಿಸುತ್ತಿವೆ. ಅಲ್ಲಿನ ನೀಲಿ ಡ್ರಾಯಿಂಗ್ ಹಾಳೆ, ಪರೀಕ್ಷಾ ವರದಿ, ನೇಮ್‌ಪ್ಲೇಟುಗಳೇ ಈ ಚರಿತ್ರೆಯ ಆಕರ. ಅಂಥವು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಗುಜರಿಗೆ ಹಾಕುವ ಮುನ್ನ ಒಂದು ಪ್ರತಿ ತೆಗೆದಿಡಿ.